ಲಾಭ, ಎರಡು, ಮೂರು

ಭೂಪಟದಲ್ಲಿ ಅರಸೀಕೆರೆಗೆ ಗುಂಡುಸೂಜಿ ಚುಚ್ಚಿದವಳು ನಾನೇ.
ಕೆಂಪು ತಲೆಯದು. ಕೆಂಪೆಂದರೆ ಹೊಸ ಮಾರ್ಕೆಟ್ಟು,
ಹಸಿರೆಂದರೆ ಹಣ ಬಂದಿದೆ.
ಚನ್ನರಾಯಪಟ್ಟಣ ಹಸಿರಾಗಿ ತಿಂಗಳಾಯಿತು.
ಕಡೂರು ಇನ್ನೂ ಹಳದಿ. ಅಲ್ಲಿಯವರು
ಹೂಂ ಅನ್ನುತ್ತಾರೆ, ಊಹೂಂ ಅನ್ನುತ್ತಾರೆ,
ಕಾಫಿ ಮಾತ್ರ ತಪ್ಪದೆ ಕೊಡುತ್ತಾರೆ.

ಪ್ಯಾಸೆಂಜರ್ ಗಾಡಿಯಿಂದ ಇಳಿದೆ:
ಎರಡು ಕಿಟ್ಟು, ಒಂದು ಪ್ರೊಜೆಕ್ಟರು,
ಸುತ್ತಿದರೆ ಕೊಡೆಯಂತಾಗುವ ಬ್ಯಾನರು,
ಅದರೊಳಗೆ ನಗುವ ಮಗು, ಯಾವೂರಿನದೋ,
ಒಂದು ಹಲ್ಲೂ ಬಿದ್ದಿಲ್ಲ.

ಆಟೋದ ಜಬೀವುಲ್ಲಾ ಕೇಳಿದ, ‘ಮಾರ್ಕೆಟ್ಟಿಗಾ ಮೇಡಂ?’
ಹೌದೆಂದೆ, ಬಾಯಿಗೆ ಅದೇ ರೂಢಿ.
ಕೊಬ್ಬರಿ ಮಂಡಿಯ ಮುಂದೆ ಇಳಿಸಿ ಹೋದ.
ತೆಂಗಿನಕಾಯಿಯ ಗುಡ್ಡೆಗಳ ನಡುವೆ ಬ್ಯಾನರು ಹೊತ್ತು
ದಾರಿ ಕೇಳುತ್ತ ನಡೆದೆ.
ಯಾರೋ ರಾಗವಾಗಿ ಏನೋ ಎಣಿಸುತ್ತಿದ್ದರು.
ಕೇಳಿಸಿಕೊಳ್ಳಲಿಲ್ಲ.

ಶಾಲೆ ಹಳಿಯ ಪಕ್ಕದಲ್ಲೇ.
ಮಾಲೀಕರು ರೇವಣಸಿದ್ದಪ್ಪ, ಗೂಡ್ಸು ಗಾಡಿಯ ಗಾರ್ಡಾಗಿದ್ದವರು,
ನಿವೃತ್ತಿಯ ದುಡ್ಡಲ್ಲಿ ಆರು ಕೋಣೆ ಕಟ್ಟಿಸಿ
ಏಳನೆಯದಕ್ಕೆ ಕಂಬಿ ಬಿಟ್ಟವರು.
ಸ್ಲೈಡುಗಳನ್ನು ಸಿಗ್ನಲ್ಲು ನೋಡುವಂತೆ ನೋಡಿದರು.
‘ಮಗೂಗೆ ಎಷ್ಟು ಬೀಳುತ್ತೆ?’
ಹೇಳಿದೆ.
‘ಕರೆಂಟ್ ಹೋದ್ರೂ ನಡೆಯುತ್ತಾ?’
ಆ ಪ್ರಶ್ನೆಗೆ ನನ್ನಲ್ಲಿ ಸ್ಲೈಡಿರಲಿಲ್ಲ.

ಎರಡನೇ ತರಗತಿ. ಮಿಸ್ಸು ಕಮಲಾಕ್ಷಿ
ಕೈಪಿಡಿಯನ್ನು ಬಿಸಿ ಪಾತ್ರೆಯಂತೆ ಹಿಡಿದಿದ್ದರು.
ಅದರಲ್ಲಿ ಎಲ್ಲವೂ ಇದೆ: ಏನು ಕೇಳಬೇಕು,
ಎಷ್ಟು ಸೆಕೆಂಡು ಕಾಯಬೇಕು,
‘ಇಲ್ಲಿ ಶಿಕ್ಷಕಿ ನಗುವುದು’.
ಅಲ್ಲಿಗೆ ಬಂದಾಗ ಅವರು ನಿಜಕ್ಕೂ ನಕ್ಕರು, ನನ್ನತ್ತ ತಿರುಗಿ.
ಆ ಸಾಲು ಬರೆದವಳೂ ನಾನೇ.

ಮೋಕ್ಷಿತಾ ಎಂಬ ಹುಡುಗಿ ಎದ್ದು ಬಂದು
ನೀಲಿ ಬಿಲ್ಲೆಗಳನ್ನು ಒಂದೊಂದೇ ಸರಿಸಿದಳು:
ಲಾಭ, ಎರಡು, ಮೂರು, ನಾಲ್ಕು...

ಟ್ಯಾಬಿನಲ್ಲಿ ಇರುವುದು ಎರಡೇ ಗುಂಡಿ.
ಸರಿ. ತಪ್ಪು.
ನನ್ನ ಬೆರಳು ನಡುವೆ ನಿಂತಿತು.
‘ಅವರಜ್ಜ ಮಂಡೀಲಿ ಕಾಯಿ ಎಣಿಸ್ತಾರೆ ಮೇಡಂ,
ಅಲ್ಲಿ ಒಂದು ಅನ್ನಲ್ಲ,’ ಎಂದರು ಕಮಲಾಕ್ಷಿ,
ತಮ್ಮದೇ ತಪ್ಪೆಂಬಂತೆ ಸೆರಗು ಸರಿಪಡಿಸುತ್ತ.

ನನಗೇನು ಗೊತ್ತಿರಲಿಲ್ಲವೇ?
ಕಣದಲ್ಲಿ ಅಮ್ಮಮ್ಮ ರಾಗಿ ಅಳೆಯುವಾಗ
ಮೊದಲ ಬಳ್ಳಕ್ಕೆ ಇದನ್ನೇ ಅನ್ನುತ್ತಿದ್ದಳು.
ಒಂದು ಎಂದರೆ ಒಂದೇ ಆಗಿ ಉಳಿದೀತೆಂಬ ಅಳುಕು.
ನಮ್ಮ ಆಫೀಸಿನಲ್ಲೂ ಎಣಿಕೆ ಅಲ್ಲಿಂದಲೇ ಶುರು,
ಬಾಯಿಬಿಟ್ಟು ಅನ್ನುವುದಿಲ್ಲ, ಅಷ್ಟೆ.

ಅಷ್ಟರಲ್ಲಿ ಗೂಡ್ಸು ಬಂತು.
ಬೆಂಚು, ಬಿಲ್ಲೆ, ಕಿಟಕಿಯ ಸರಳು ಎಲ್ಲ ನಡುಗಿ
ನಲವತ್ತು ನಿಮಿಷದ ಪಾಠಯೋಜನೆ
ಕಿಟಕಿಗೆ ಓಡಿಹೋಯಿತು.
ಮೂವತ್ತೊಂದು ಬಾಯಿ ಡಬ್ಬಿ ಎಣಿಸಿದವು,
ಹಿಂದೆ ನಿಂತು ರೇವಣಸಿದ್ದಪ್ಪನವರೂ, ತುಟಿಯಲ್ಲೇ.
‘ನಲವತ್ತೆರಡು!’ ಎಂದಳು ಮೋಕ್ಷಿತಾ.
‘ನಲವತ್ಮೂರು,’ ಎಂದರು ಅವರು,
‘ಕೊನೇದು ಗಾರ್ಡಿನ ಡಬ್ಬಿ. ಅದನ್ನ ಬಿಡಬಾರದು ಕಣವ್ವ.’

ಸಹಿ ಹಾಕಿದರು, ಒಂದೇ ತರಗತಿಗೆ.
‘ಒಂದು ವರ್ಷ ನೋಡೋಣ. ಮಿಸ್ಸು ಬೇಜಾರಾದರೆ ಬೇಡ.’

ಪ್ಲಾಟ್‌ಫಾರ್ಮಿನಲ್ಲಿ ಕೂತು ವರದಿ ಬರೆದೆ.
ಮಕ್ಕಳು: ಮೂವತ್ತೊಂದು.
ಷರಾ: ಪುಟ ನಾಲ್ಕರ ಉತ್ತರ ತಿದ್ದಬೇಕು,
ಒಂದು ಎನ್ನುವಲ್ಲಿ ಲಾಭ ಎಂದರೂ ಸರಿ.
ಕಳಿಸಿದೆ. ಟೀ ಆರುವ ಮೊದಲೇ ಮೇಲಿನವರ ಉತ್ತರ:
‘ಲಾಭ ಎಷ್ಟು? ಸ್ಪಷ್ಟಪಡಿಸಿ.’

ಜಂಕ್ಷನ್ನಿನಲ್ಲಿ ನೆಟ್‌ವರ್ಕು ಚೆನ್ನಾಗಿಯೇ ಇತ್ತು.
ಇರಲಿಲ್ಲವೆಂದು ಬರೆದೆ, ಆಮೇಲೆ, ಕಡೂರಿನಲ್ಲಿ ಇಳಿದು,
ಒಂದು ಕೈಯಲ್ಲಿ ಅವರು ಕೊಟ್ಟ ಕಾಫಿ ಹಿಡಿದುಕೊಂಡು.